ಬಟ್ಟಲದಾಗಿನ ನೀರು

ಗುಜರಿಯಾವ ತೂಗಿ ಕೊಟ್ಟ: ಹನ್ನೊಂದು ಕಿಲೋ ಕಬ್ಬಿಣ.
ಲೆನ್ಸಿಗೆ ರೊಕ್ಕ ಹಿಡೀಲಿಲ್ಲ,
ಗಾಜು ನಾ ಕೊಳ್ಳಂಗಿಲ್ಲ, ಮಾರಂಗಿಲ್ಲ ಅಂದ.
ಬನಹಟ್ಟ್ಯಾಗ ಕೊನೀ ಡಾರ್ಕ್‌ರೂಮು ಮುಚ್ಚಿ ಎಷ್ಟು ವರ್ಷಾತೋ,
ಎನ್ಲಾರ್ಜರ್ ಅನ್ನೂ ಹೆಸರು ಊರಿಗೇ ಮರೆತು
ಅದರ ಹೊಟ್ಟಿ ಮ್ಯಾಲ ಸೀಮೆಸುಣ್ಣದಲೇ ಬರದಿಟ್ಟಿದ್ದ:
ಜೂಸ್ ಮಷಿನ್.

ಒಂದು ಫಿಲಮ್ಮು ಮಾತ್ರ ಅದರ ಬಾಯಾಗ ಉಳದಿತ್ತು,
ಹೇಳ್ತಾ ಹೇಳ್ತಾ, ಯಾರೋ ಕರದಾರಂತ ಎದ್ದು ಹೋದಂಗ.

ಕಿಟಕಿಗೆ ಕರೀ ಕಂಬಳಿ, ಬಚ್ಚಲಕಟ್ಟಿ ಮ್ಯಾಲ ಹಲಗಿ,
ಹಲಗಿ ಮ್ಯಾಲ ಅದು, ಒಂಟಿಗಾಲಿನ ಕೊಕ್ಕರಿ,
ಕತ್ತಲದಾಗ ಕಾಗದ ನೋಡ್ಕೋತ ನಿಂತಿತು.
ಮೊದಲನೇ ಹಾಳಿ ಡೆವಲಪರಿನಾಗ ಬಿಟ್ಟೆ.
ಏಳು ಹೆಂಗಸರು ಎದ್ದು ಬಂದರು,
ಮಾರಿ ಹಚ್ಚಿಕೊಳ್ಳೂದು ಮರೆತು ಬಂದವರಂಗ.

ಕಾಲೇಜಿನ ಲ್ಯಾಬ್ ಅಟೆಂಡರ್ ನಾನು,
ಒಡದದ್ದು ಜೋಡಸೂದು ಕೈಗೆ ಹತ್ತಿದ ಚಟ.
ಲೆನ್ಸು ಬಿಚ್ಚಿದೆ. ಒಳಗ ಬೂಜು, ಉಪ್ಪಿನಕಾಯಿ ಭರಣಿಗೆ ಬಂದಂಗ.
ಸ್ಪಿರಿಟ್ಟು, ಹಳೀ ಧೋತರದ ಚೂರು, ಉಸಿರು ಹಿಡದು ಒರಸಿದೆ.
ತಿದಿ ಮಡಿಕ್ಯಾಗ ಮೂರು ತೂತು: ಪಂಚರ್ ಹಚ್ಚೂ ಸಲ್ಯೂಷನ್.
ಬಲ್ಬಿನ ಕಾವಿಗೆ ಫಿಲಮ್ಮು ಹಪ್ಪಳದಂಗ ಉಬ್ಬತಿತ್ತು;
ಎರಡು ಗಾಜಿನ ನಡಕ ಒತ್ತಿಟ್ಟರ
ನೀರಾಗ ಎಣ್ಣಿ ಬಿದ್ದಂಗ ಬಳಿ ಬಳಿ;
ಮ್ಯಾಲಿನ ಗಾಜಿಗೆ ವಾಲ್ವ್ ಉಜ್ಜೂ ಪೇಸ್ಟ್ ತಿಕ್ಕಿ ಮಬ್ಬು ಮಾಡಿದೆ,
ಬಳಿ ಹೋದವು.
ಕಂಬ ವಾಲೇದೋ ಏನೋ ಅಂತ ಗೌಂಡಿ ಬಸಲಿಂಗನ ತೂಗುಗುಂಡು ತಂದು
ನಡುರಾತ್ರಿ ಗ್ವಾಡಿ ಕಟ್ಟೂ ಲೆಕ್ಕ ಹಚ್ಚಿದೆ.

ಇಷ್ಟಾದ ಮ್ಯಾಲ ಮಾರಿ ಬಂದವು, ಖರೆ.
ಒಬ್ಬೊಬ್ಬರಿಗೆ ಎರಡೆರಡು ಮೂಗುತಿ.

ಹುಬ್ಬಳ್ಳಿಯಿಂದ ತರಿಸಿದ ಪೇಪರಿನಾಗ ಹನ್ನೆರಡು ಹಾಳಿ ಹಾಳು.
ಹಿಂದಿನ ಕಾರಖಾನಿ ಜಾಬರ್ ದಸ್ತಗೀರ್ ಮಾಮಾನ್ನ ಕರದೆ.
ಅವ ಎನ್ಲಾರ್ಜರ್ ಕಡೆ ನೋಡಲೇ ಇಲ್ಲ.
"ಬಟ್ಟಲದಾಗ ನೀರು ತಾರವಾ" ಅಂದ.
ಕುಡಿಯಾಕಂತ ತಂಬಗಿ ತಂದೆ.
"ಬಟ್ಟಲ" ಅಂದ.
ಹಲಗಿ ಮ್ಯಾಲಿಟ್ಟು ಕೆಂಪು ದೀಪ ಬಗ್ಗಿಸಿದ.

ನೀರು ನಡಗತಿತ್ತು.
ಉಂಗುರದೊಳಗ ಉಂಗುರ, ಒಂದು ದಂಡಿ ಮುಟ್ಟೂದರೊಳಗ ಇನ್ನೊಂದು.

ಗ್ವಾಡಿ ಆಚಿ ಹದಿನಾರು ಮಗ್ಗ.
ಹುಟ್ಟಿದಾಗಿಂದ ಕೇಳಿ ಕೇಳಿ
ಆ ಖಟಖಟಾನ್ನೇ ನನ್ನ ಕಿವಿ
ಸದ್ದಿಲ್ಲದ್ದು ಅಂತ ತಿಳಕೊಂಡಿತ್ತು.

ಸವದ ಪಿಕ್ಕರಿನ ಚರ್ಮ ನಾಕು ತುಂಡು ಹಲಗಿ ಕೆಳಗ ಇಟ್ಟ.
ಎರಡು ಮೂಗುತಿ ಒಂದೂವರಿ ಆದವು.
"ಉಳದ ಅರ್ಧಕ್ಕ ಔಷಧ ಇಲ್ಲ.
ಊಟದ ಸೂಟಿ ತನಾ ತಡಿ."

ಒಂದೂವರಿಗೆ ಮಗ್ಗ ನಿಂತವು. ಬಟ್ಟಲದ ನೀರು ಗಾಜಾತು.
ಹದಿನೆಂಟು ಸೆಕೆಂಡ್ ಬಾಯಲೇ ಎಣಿಸಿದೆ,
ನನ್ನ ದನಿ ಬ್ಯಾರೆ ಯಾರದೋ ಅನಿಸಿತು.

ಏಳು ಮೂಗುತಿ.
ಸೀರಿ ದಡಿ, ಕುಂತ ಚಾಪಿ ಕಡ್ಡಿ, ಎಲ್ಲಾ ಎಣಿಸಬಹುದು.
ಎಡಕಿನಿಂದ ಮೂರನೇಯಾಕಿ ಬಲಗೈ ಮಾತ್ರ ಹೊಗಿ,
ರಾಟಿ ಹಿಡಿಕಿ ಇರಬೇಕಾದಲ್ಲಿ ಬರೇ ಬೆಳ್ಳನೆ ಸುತ್ತು.
ಮತ್ತ ಸ್ಕ್ರೂಡ್ರೈವರ್ ತಗೊಂಡೆ.

ಮಾಮಾ ಹಸೀ ಹಾಳಿ ಬಾಗಲಕ್ಕ ಒಯ್ದು ಬೆಳಕಿಗೆ ಹಿಡದ,
ಹೈಪೋ ಮೊಣಕೈ ತನಾ ಇಳೀತು.
"ಇಕಿ ತುಂಗವ್ವ ಬಾವಲತ್ತಿ.
ಅಲ್ಲಾಡಬ್ಯಾಡ್ರಿ ಅಂದಿರತಾನ ಫೋಟೋದಾವ.
ಎಲ್ಲಾರಿಗೂ ಕಂಡಕಿ ಲೆಕ್ಕದ ಮ್ಯಾಲೇ ಪಗಾರ ಆಗ.
ಆರು ಮಂದಿ ಒಂದು ಗಳಿಗಿ ಬಿಟ್ಟುಕೊಟ್ಟಾರ.
ಇಕಿ ಕೊಟ್ಟಿಲ್ಲ."

ಕೈ ಒರಸಿಕೊಂಡು ಹ್ವಾದ, ಪಾಳಿಗೆ ಹೊತ್ತಾತಂತ.

ಎರಡಾತು. ಗ್ವಾಡಿ ಆಚಿ ಒಂದು ಮಗ್ಗ ಕೆಮ್ಮಿತು,
ಆಮ್ಯಾಲ ಎಲ್ಲಾ.
ಬಟ್ಟಲ ಹಲಗಿ ಮ್ಯಾಲೇ ಇತ್ತು.